ತರಗತಿ ಶುರುವಾಗಿ ಐದು ವಾರ ಆಯ್ತು, ಅತಿಥಿ ಉಪನ್ಯಾಸಕರ ಪಟ್ಟಿ ಇನ್ನೂ ಬಂದಿಲ್ಲ

ಕೌಲ್‌ಬಜಾರ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ಈ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕ. ಎಂಎ ಹುಡುಗರಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ಯಾವ ವಿವಿ ಅಂತ ಹೇಳುವುದಿಲ್ಲ. ದಯವಿಟ್ಟು ಯಾರೂ ಊಹಿಸಿ ಬರೆಯಬೇಡಿ.

ತರಗತಿ ಶುರುವಾಗಿ ಐದು ವಾರ ಆಯ್ತು. ನಮ್ಮ ಪಟ್ಟಿ ಇನ್ನೂ ಹೊರಬಿದ್ದಿಲ್ಲ. ಹೋದ ವರ್ಷ ಏಳನೇ ವಾರಕ್ಕೆ ಬಂತು. ಅದರ ಹಿಂದಿನ ವರ್ಷ ಆರನೇ ವಾರಕ್ಕೆ. ಸೆಮಿಸ್ಟರ್ ಇರುವುದೇ ಹದಿನಾರು ವಾರ. ಅದರಲ್ಲಿ ಆರೇಳು ವಾರ ಹುಡುಗರು ಬರುತ್ತಾರೆ, ಕೂರುತ್ತಾರೆ, ಎದ್ದು ಹೋಗುತ್ತಾರೆ. ಆಮೇಲೆ ನಾವು ಹೋಗಿ ಐದು ಘಟಕ ಓಡಿಸಬೇಕು. ಓಡಿಸುತ್ತೇವೆ. ಕಲಿಸಿದೆ ಅಂತ ಮಾತ್ರ ನನಗೆ ಅನ್ನಿಸುವುದಿಲ್ಲ.

ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕುತ್ತೇನೆ. ಹತ್ತನೇ ತರಗತಿ ಅಂಕಪಟ್ಟಿಯಿಂದ ಪಿಎಚ್‌ಡಿ ಪ್ರಮಾಣಪತ್ರದ ತನಕ ಜೆರಾಕ್ಸ್ ಮಾಡಿಸುತ್ತೇನೆ. ಮೂಲ ದಾಖಲೆ ಪರಿಶೀಲನೆಗೆ ಸಾಲಿನಲ್ಲಿ ನಿಲ್ಲುತ್ತೇನೆ. ಆ ಸಾಲಿನಲ್ಲಿ ನನ್ನ ಹಿಂದೆ ನನ್ನದೇ ವಿದ್ಯಾರ್ಥಿಗಳು ನಿಂತಿರುತ್ತಾರೆ. ಅದಕ್ಕೆ ಬೇಜಾರಿಲ್ಲ, ಅವರೂ ಓದಿದವರೇ. ಪಟ್ಟಿ ಬರುವ ತನಕ ಮನೆಯಲ್ಲಿ ಏನು ಹೇಳಬೇಕು ಅನ್ನುವುದೇ ಕಷ್ಟ. ಸೆಮಿಸ್ಟರ್ ಮುಗಿದ ದಿನ ಬಿಡುಗಡೆ ಆದೇಶ ಬರುತ್ತದೆ. ಮುಂದಿನ ಆದೇಶದ ತನಕ ಒಂದು ರೂಪಾಯಿ ಇಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಹೀಗೇ ಹೋಗುತ್ತದೆ.

ಕಾಯಂ ಮಾಡಿ ಅಂತ ಕೇಳೋಕೆ ಈ ಚರ್ಚೆ ಶುರು ಮಾಡಿದ್ದಲ್ಲ. ಅದು ದೊಡ್ಡ ಮಾತು. ನನ್ನದು ಸಣ್ಣ ಪ್ರಶ್ನೆ. ತರಗತಿ ಶುರುವಾಗುವ ದಿನ ಕ್ಯಾಲೆಂಡರ್‌ನಲ್ಲಿ ಮೊದಲೇ ಅಚ್ಚಾಗಿರುತ್ತದೆ. ಎಷ್ಟು ಮಂದಿ ಬೇಕು ಅನ್ನುವುದೂ ಗೊತ್ತಿರುತ್ತದೆ. ಹಾಗಿದ್ದಾಗ ಅಧಿಸೂಚನೆ ಎರಡು ತಿಂಗಳು ಮೊದಲೇ ಹೊರಡಿಸುವುದಕ್ಕೆ ಏನು ಅಡ್ಡಿ? ಒಳಗಿನ ವಿಷಯ ಗೊತ್ತಿರುವವರು ಹೇಳಿ.

ತೋರಣಗಲ್ಲು ಶಿಫ್ಟ್

ಮೇಷ್ಟ್ರೇ, ನಾನೂ ಆರು ವರ್ಷ ಇದೇ ಸಾಲಿನಲ್ಲಿ ನಿಂತವನು. ಕೊನೆಗೆ ಬಿಟ್ಟೆ. ಈಗ ತೋರಣಗಲ್ಲಿನ ಕಾರ್ಖಾನೆಯಲ್ಲಿ ಸ್ಟೋರ್ಸ್ ವಿಭಾಗದ ಕೆಲಸ. ಪಿಎಚ್‌ಡಿ ಮಾಡಿ ಕಬ್ಬಿಣದ ಲೆಕ್ಕ ಬರೀತೀಯಾ ಅಂತ ಊರಲ್ಲಿ ಕೇಳ್ತಾರೆ. ಒಂದನೇ ತಾರೀಖು ಸಂಬಳ ಬರುತ್ತದೆ ಅಂತ ಹೇಳ್ತೀನಿ. ಹೆಣ್ಣು ನೋಡೋಕೆ ಹೋದ ಮೂರು ಮನೆಯಲ್ಲಿ "ಅತಿಥಿ ಅಂದ್ರೆ ಯಾವಾಗ ಬೇಕಾದ್ರೂ ಕಳಿಸ್ತಾರೆ ಅಲ್ವಾ" ಅಂದಿದ್ದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಹತ್ತು ವರ್ಷ ಆದರೆ ಕಾಯಂ ಮಾಡಲೇಬೇಕು ಅಂತ ಒಬ್ಬ ವಕೀಲರು ಹೇಳಿದ್ದರು. ನಿಮಗೆ ಒಂಬತ್ತು ಆಗಿದೆ. ಇನ್ನೊಂದು ವರ್ಷ ತಡೀರಿ.

ಹಳೇ ಹಾಜರಿ ಪುಸ್ತಕ

ನಾನು ನಿವೃತ್ತ ಪ್ರಾಧ್ಯಾಪಕ. ವಿಭಾಗದ ಮುಖ್ಯಸ್ಥನಾಗಿದ್ದೆ, ಆಯ್ಕೆ ಸಮಿತಿಯಲ್ಲೂ ಕೂತಿದ್ದೆ. ಮೊದಲು ಆ ಹತ್ತು ವರ್ಷದ ಮಾತು ಸರಿಪಡಿಸುತ್ತೇನೆ, ಯಾಕೆಂದರೆ ಅದನ್ನು ನಂಬಿ ಕೂತವರು ಬಹಳ ಮಂದಿ.

ಆ ಮಾತು ಬಂದದ್ದು ಉಮಾದೇವಿ ಪ್ರಕರಣದಿಂದ. ನಮ್ಮ ಕರ್ನಾಟಕದ್ದೇ ಪ್ರಕರಣ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ತಾತ್ಕಾಲಿಕವಾಗಿ ಎಷ್ಟು ವರ್ಷ ದುಡಿದರೂ ಅದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಅನ್ನುವುದೇ ಅದರ ಮುಖ್ಯ ಮಾತು. ಹತ್ತು ವರ್ಷದ ರಿಯಾಯಿತಿ ಕೊಟ್ಟದ್ದು ಅಷ್ಟೊತ್ತಿಗಾಗಲೇ ಹತ್ತು ವರ್ಷ ಮುಗಿಸಿದ್ದವರಿಗೆ. ಅದೂ ಮಂಜೂರಾದ ಖಾಲಿ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆಯ ಆಸರೆ ಇಲ್ಲದೆ ದುಡಿದವರಿಗೆ. ಅದೂ ಒಂದೇ ಸಲದ ಕ್ರಮ. ಇವತ್ತು ಹತ್ತನೇ ವರ್ಷ ತುಂಬಿತು ಅಂತ ಅದು ತಾನಾಗಿ ಬರುವುದಿಲ್ಲ. ಮೇಷ್ಟ್ರೇ, ಇದನ್ನು ಹೇಳುವಾಗ ನನಗೂ ಸಂಕಟ. ಆದರೆ ಸುಳ್ಳು ಆಸೆ ಮೇಲೆ ಇನ್ನೊಂದು ವರ್ಷ ಕಳೆಯಬೇಡಿ.

ಈಗ ನಿಮ್ಮ ಪ್ರಶ್ನೆ. ತಡ ಯಾಕೆ ಆಗುತ್ತದೆ? ಮುಖ್ಯಸ್ಥನಾಗಿ ನಾನು ಕಂಡದ್ದನ್ನು ಹೇಳುತ್ತೇನೆ.

ಪ್ರವೇಶ ಮುಗಿಯಬೇಕು, ಆಮೇಲೆ ವಿದ್ಯಾರ್ಥಿ ಸಂಖ್ಯೆ ನೋಡಿ ಕಾರ್ಯಭಾರ ಲೆಕ್ಕ ಹಾಕಬೇಕು ಅನ್ನುವ ರೂಢಿ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕರಿಗೆ 14. ವಿಭಾಗದ ಒಟ್ಟು ಗಂಟೆಯಲ್ಲಿ ಕಾಯಂ ಇರುವವರದ್ದು ಕಳೆದರೆ ಉಳಿಯುವುದು ಅತಿಥಿಗಳಿಗೆ. ಆ ಹಾಳೆ ಮುಖ್ಯಸ್ಥರಿಂದ ಡೀನ್, ಅಲ್ಲಿಂದ ಕುಲಸಚಿವರು, ಹಣಕಾಸು ವಿಭಾಗ, ಕುಲಪತಿ ಹೀಗೆ ಓಡಾಡುತ್ತದೆ. ಒಂದು ಮೇಜಿನಲ್ಲಿ ಹತ್ತು ದಿನ ಕೂತರೂ ಸಾಕು, ಸೆಮಿಸ್ಟರ್ ಅರ್ಧ ಹೋಯಿತು.

ನಿಜ ಹೇಳಬೇಕೆಂದರೆ, ಇದರಲ್ಲಿ ಕಾಯಲೇಬೇಕಾದ್ದು ಬಹಳ ಕಮ್ಮಿ. ಎರಡನೇ ವರ್ಷದ ಮಕ್ಕಳು ಎಷ್ಟು ಅಂತ ಮೊದಲೇ ಗೊತ್ತು. ಕಾಯಂ ಅಧ್ಯಾಪಕರಲ್ಲಿ ಈ ವರ್ಷ ಯಾರು ನಿವೃತ್ತಿ ಆಗುತ್ತಾರೆ ಅನ್ನುವುದು ಅವರು ಕೆಲಸಕ್ಕೆ ಸೇರಿದ ದಿನದಿಂದಲೇ ಗೊತ್ತು. ಪತ್ರಿಕೆಗಳ ಸಂಖ್ಯೆ ಬದಲಾಗುವುದಿಲ್ಲ. ನಲವತ್ತು ಮಂದಿ ಸೇರಿದರೂ ಇಪ್ಪತ್ತೈದು ಮಂದಿ ಸೇರಿದರೂ ಒಂದು ಪತ್ರಿಕೆಗೆ ವಾರಕ್ಕೆ ನಾಲ್ಕು ಗಂಟೆ ನಾಲ್ಕೇ. ನಾನು ಮುಖ್ಯಸ್ಥನಾಗಿದ್ದಾಗ ಒಂದು ಸಲ ಮೇ ತಿಂಗಳಲ್ಲೇ ಹಾಳೆ ಕಳಿಸಿದೆ. "ಇಷ್ಟು ಬೇಗ ಯಾಕೆ" ಅಂತ ವಾಪಸ್ ಬಂತು. ಮತ್ತೆ ಕಳಿಸಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಎಂಎ ಎರಡನೇ ವರ್ಷ

ಸರ್, ವಿದ್ಯಾರ್ಥಿಗಳು ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ಬರೀತೀನಿ.

ನಮ್ಮದು ಸಂಡೂರು ಕಡೆಯ ಹಳ್ಳಿ. ಹಾಸ್ಟೆಲ್ ಸಿಗುವ ತನಕ ದಿನಾ ಬಸ್ಸಿಗೆ ಓಡಾಡಿದೆ. ಶಕ್ತಿ ಯೋಜನೆ ಇರುವುದರಿಂದ ದುಡ್ಡು ಬೇಡ. ಆದರೆ ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು. ಹೋಗಿ ನೋಡಿದರೆ ನಾಲ್ಕು ಪಿರಿಯಡ್‌ನಲ್ಲಿ ಒಂದೇ ನಡೆಯುತ್ತಿತ್ತು. ಮಧ್ಯಾಹ್ನ ಮನೆಗೆ ಬಂದರೆ ಅಪ್ಪ ಕೇಳೋರು, "ಇಷ್ಟು ಬೇಗ ಯಾಕೆ ಬಂದೆ?" ಪಾಠ ಮಾಡೋರು ಇನ್ನೂ ಬಂದಿಲ್ಲ ಅಂದ್ರೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಯೂನಿವರ್ಸಿಟಿ ಅಂದ್ರೆ ದೊಡ್ಡದು, ಅಲ್ಲಿ ಮೇಷ್ಟ್ರು ಇಲ್ಲದೆ ಇರ್ತಾರಾ ಅಂತ. ನಾನೇ ಕ್ಲಾಸಿಗೆ ಚಕ್ಕರ್ ಹೊಡೀತಿದೀನಿ ಅಂದುಕೊಂಡಿದ್ದರು. ಒಂದು ದಿನ ಜೊತೆಗೇ ಬಂದರು. ಖಾಲಿ ಬೆಂಚು ನೋಡಿ ಏನೂ ಮಾತಾಡದೆ ಬಸ್ ಸ್ಟ್ಯಾಂಡಿಗೆ ನಡೆದರು. ಕೆಲಸ ಬಿಟ್ಟು ಬಂದಿದ್ದರು, ಅವತ್ತಿನ ಕೂಲಿ ಹೋಯಿತು.

ಕಷ್ಟದ ಪೇಪರ್‌ನ ಮೊದಲ ಎರಡು ಘಟಕ ಯೂಟ್ಯೂಬ್‌ನಲ್ಲಿ ನೋಡಿಕೊಂಡೆವು. ಅಲ್ಲಿ ಎಲ್ಲಾ ಇಂಗ್ಲಿಷ್, ಹಿಂದಿ. ನಾನು ಪಿಯುಸಿ ತನಕ ಕನ್ನಡ ಮಾಧ್ಯಮ. ಆಮೇಲೆ ಬಂದ ಅತಿಥಿ ಮೇಡಂ ಭಾನುವಾರವೂ ಕರೆದು ಪಾಠ ಮಾಡಿದರು. ಅದಕ್ಕೆ ಅವರಿಗೆ ದುಡ್ಡು ಸಿಗಲ್ಲ ಅಂತ ನಮಗೆ ಆಮೇಲೆ ಗೊತ್ತಾಯ್ತು. ಈ ವರ್ಷ ಅವರು ಬರ್ತಾರಾ ಇಲ್ವಾ ಅಂತ ಅವರಿಗೇ ಗೊತ್ತಿಲ್ಲ.

ಕೌಲ್‌ಬಜಾರ್ ಮೇಷ್ಟ್ರು

ತಾಯಿ, ನೀನು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮ ಸಂಬಳದ ಮಾತೇ ಆಡುತ್ತಾ ಇರ್ತೀವಿ. ಈ ಮಾತು ಮೊದಲು ಆಡಬೇಕಿತ್ತು.

ಪ್ರೊಫೆಸರ್ ಸರ್, ಹತ್ತು ವರ್ಷದ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ನಾನೂ ಒಳಗೊಳಗೆ ಅದನ್ನೇ ನಂಬಿಕೊಂಡಿದ್ದೆ.

ಸಿರುಗುಪ್ಪ ಹೊಳೆಸಾಲು

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳ್ತೀನಿ ಸರ್.

ನಾನು ಕೆಸೆಟ್ (ಸಹಾಯಕ ಪ್ರಾಧ್ಯಾಪಕರಾಗಲು ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಪಾಸಾದವಳು. ಪರೀಕ್ಷೆಗೆ ಕೂತವರಲ್ಲಿ ನೂರಕ್ಕೆ ಆರು ಮಂದಿಗೆ ಮಾತ್ರ ಅರ್ಹತೆ ಸಿಗುವುದು. ಎರಡು ವರ್ಷದಿಂದ ಅರ್ಜಿ ಹಾಕ್ತಾ ಇದೀನಿ. ಒಂದು ಸಲವೂ ಕರೆ ಬಂದಿಲ್ಲ. ಅಂಕ ಹಾಕುವಾಗ ಅನುಭವಕ್ಕೆ ಇಷ್ಟು ಅಂತ ಇರುತ್ತದೆ. ಅಲ್ಲಿ ನನಗೆ ಸೊನ್ನೆ. ಹಳಬರು ಪ್ರತಿ ವರ್ಷ ಒಂದು ಅಂಕ ಮೇಲೆ ಹೋಗುತ್ತಾರೆ, ನಾನು ಅಲ್ಲೇ ಇರ್ತೀನಿ. ಹಳಬರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ "ಇರುವವರನ್ನೇ ಮುಂದುವರಿಸಿ" ಅಂದಾಗ ನಮ್ಮಂಥವರ ಬಾಗಿಲು ಮುಚ್ಚುತ್ತದೆ ಅಲ್ವಾ?

ಅದಕ್ಕಿಂತ ಜಾಸ್ತಿ ನೋವು ಏನಂದ್ರೆ, ನನಗೆ ಎಷ್ಟು ಅಂಕ ಬಂತು, ಕೊನೆಗೆ ಆಯ್ಕೆ ಆದವರಿಗೆ ಎಷ್ಟು ಬಂತು ಅಂತ ಯಾರೂ ಹೇಳಲ್ಲ. ಹೆಸರಿನ ಪಟ್ಟಿ ಅಂಟಿಸ್ತಾರೆ, ಅಂಕ ಇರಲ್ಲ. ಅಂಕ ಹಾಕಿ ಅಂಟಿಸಿದರೆ ನನಗೆ ಸಮಾಧಾನ ಆಗುತ್ತಿತ್ತು. ಎಷ್ಟು ಕಮ್ಮಿ ಬಿತ್ತು ಅಂತ ಗೊತ್ತಾದರೆ ಅಷ್ಟನ್ನು ಸಂಪಾದಿಸಬಹುದು.

ಕೌಲ್‌ಬಜಾರ್ ಮೇಷ್ಟ್ರು

ತಂಗಿ, ಹಿಡಿಸಲಿಕ್ಕಿಲ್ಲ ಅಂದ್ಯಲ್ಲ, ನಿಜ, ಮೊದಲು ಓದಿದಾಗ ಹಿಡಿಸಲಿಲ್ಲ. ರಾತ್ರಿ ಯೋಚನೆ ಮಾಡಿದೆ. ಅನುಭವದ ಅಂಕ ನನ್ನನ್ನು ಕಾಯುತ್ತಿದೆ, ನಿನ್ನನ್ನು ಹೊರಗಿಟ್ಟಿದೆ. ಒಂಬತ್ತು ವರ್ಷ ಕಲಿಸಿದ್ದಕ್ಕೆ ಅಂಕ ಇರಬೇಕು ಅಂತ ಈಗಲೂ ಹೇಳ್ತೀನಿ. ಆದರೆ ಅದಕ್ಕೆ ಒಂದು ಮಿತಿ ಇರಲಿ. ಐದು ವರ್ಷಕ್ಕೆ ನಿಲ್ಲಲಿ. ಅಂಕದ ಸಮೇತ ಪಟ್ಟಿ ಅಂಟಿಸಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನನ್ನ ಅಂಕವೂ ಎಲ್ಲರೂ ನೋಡಲಿ.

ಕುರುಗೋಡು ಅಕ್ಕ

ಹೆರಿಗೆ ವಿಷಯ ಯಾರೂ ಎತ್ತಲಿಲ್ಲ. ನನ್ನ ಎರಡನೇ ಮಗು ಸೆಮಿಸ್ಟರ್ ನಡುವೆ ಹುಟ್ಟಿತು. ಕೇಳಿದ್ದಕ್ಕೆ "ಅತಿಥಿಗಳಿಗೆ ರಜೆ ಇಲ್ಲ, ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ" ಅಂದರು. ಹೆರಿಗೆಯಾಗಿ ಇಪ್ಪತ್ತೆರಡನೇ ದಿನಕ್ಕೆ ಪಾಠಕ್ಕೆ ಹೋದೆ. ಅಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಕೂತಿರೋರು. ಬಾಣಂತಿ ಬಿಸಿಲಲ್ಲಿ ತಿರುಗಬಾರದು ಅಂತ ಹೇಳುವ ಅಮ್ಮನೇ ನನ್ನ ಜೊತೆ ಬಸ್ಸಲ್ಲಿ ಬರೋರು. ಬಳ್ಳಾರಿ ಬಿಸಿಲು ಗೊತ್ತಲ್ಲ.

ಹಳೇ ಹಾಜರಿ ಪುಸ್ತಕ

ಅಮ್ಮಾ, ಇದು ಆಗಬಾರದಿತ್ತು. 2000ದಲ್ಲಿ ದೆಹಲಿ ಮಹಾನಗರಪಾಲಿಕೆಯ ದಿನಗೂಲಿ ಹೆಂಗಸರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹೆರಿಗೆ ಸವಲತ್ತು ಕಾಯಂ ನೌಕರರಿಗೆ ಮಾತ್ರ ಅಲ್ಲ, ಮಸ್ಟರ್ ರೋಲ್ ಮೇಲೆ ದುಡಿಯುವ ಹೆಂಗಸರಿಗೂ ಸಿಗಬೇಕು ಅಂತ. ಆಮೇಲೆ 2017ರಲ್ಲಿ ಮೊದಲ ಎರಡು ಹೆರಿಗೆಗೆ ರಜೆ 26 ವಾರ ಆಯಿತು. ಈ ಆಧಾರದ ಮೇಲೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಹಿಂಬರಹ ಬರವಣಿಗೆಯಲ್ಲೇ ಕೇಳಿ. ಬಾಯಿ ಮಾತಿನಲ್ಲಿ ಇಲ್ಲ ಅನ್ನುವವರು ಕಾಗದದಲ್ಲಿ ಇಲ್ಲ ಅಂತ ಬರೆಯಲು ಯೋಚಿಸುತ್ತಾರೆ.

ತೋರಣಗಲ್ಲು ಶಿಫ್ಟ್

ದುಡ್ಡಿನ ವಿಷಯಕ್ಕೆ ಬನ್ನಿ. ಡಿಗ್ರಿ ಕಾಲೇಜಿನವರಿಗೆ 32 ಸಾವಿರ ಮಾಡಿದರಲ್ಲ. ವಿವಿಯವರಿಗೆ ಯಾಕಿಲ್ಲ?

ಹಳೇ ಹಾಜರಿ ಪುಸ್ತಕ

ಎರಡೂ ಬೇರೆ. 2022ರ ಜನವರಿಯಲ್ಲಿ ಸರ್ಕಾರ ಹೆಚ್ಚಿಸಿದ್ದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ. ಯುಜಿಸಿ ಅರ್ಹತೆ ಇದ್ದು ಐದು ವರ್ಷ ಮೀರಿದವರಿಗೆ ಆಗ 32,000 ಆಯಿತು. ವಾರಕ್ಕೆ 15 ಗಂಟೆ ಪಾಠ. ಅವರಿಗೆ ದುಡ್ಡು ಕೊಡುವುದು ಕಾಲೇಜು ಶಿಕ್ಷಣ ಇಲಾಖೆ. ವಿವಿಯ ಸ್ವಂತ ವಿಭಾಗಗಳಲ್ಲಿ ಕಲಿಸುವವರದ್ದು ವಿವಿಯ ಖಾತೆಯಿಂದ ಬರುತ್ತದೆ. ಬಹಳ ಕಡೆ ಅದು ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ ಇಂಥ ಆಂತರಿಕ ಆದಾಯದಿಂದ. ಅದಕ್ಕೇ ಒಂದೊಂದು ವಿವಿಯಲ್ಲಿ ಒಂದೊಂದು ದರ.

ಯುಜಿಸಿ 2019ರ ಜನವರಿಯಲ್ಲಿ ಒಂದು ಮಾರ್ಗಸೂಚಿ ಕೊಟ್ಟಿತು. ಅತಿಥಿ ಅಧ್ಯಾಪಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000. ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಇರುವ ಅರ್ಹತೆಯೇ ಇರಬೇಕು, ಆಯ್ಕೆ ಸಮಿತಿ ಮೂಲಕವೇ ಬರಬೇಕು. ಆದರೆ ಭತ್ಯೆ, ಪಿಂಚಣಿ, ರಜೆ ಇಲ್ಲ ಅಂತಲೂ ಅದರಲ್ಲೇ ಇದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ನಿಮ್ಮ ಆದೇಶದಲ್ಲಿ ಯಾವ ಪದ ಇದೆ ನೋಡಿಕೊಳ್ಳಿ. "ಅತಿಥಿ" ಬೇರೆ, "ಗುತ್ತಿಗೆ" ಬೇರೆ. 2018ರ ನಿಯಮಾವಳಿ ಪ್ರಕಾರ ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಗಳ ನೂರಕ್ಕೆ ಹತ್ತು ಮೀರಬಾರದು. ಅವರಿಗೆ ಕೊಡುವುದು ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ಸಂಬಳಕ್ಕಿಂತ ಕಮ್ಮಿ ಇರಬಾರದು. ಆ ಹುದ್ದೆಯ ಆರಂಭಿಕ ಮೂಲ ವೇತನವೇ ಯುಜಿಸಿ ಶ್ರೇಣಿಯಲ್ಲಿ 57,700. ಮುಂದೆ ಕಾಯಂ ಆದಾಗ ಹಿಂದಿನ ಸೇವೆ ಬಡ್ತಿಗೆ ಲೆಕ್ಕಕ್ಕೆ ಬರಬೇಕಾದರೂ ಇದೇ ಸಂಬಳದ ಷರತ್ತು ಇದೆ. ಅಂದರೆ "ಅತಿಥಿ" ಅಂತ ಕರೆದ ಕೂಡಲೇ ಈ ಮೂರೂ ಕೈತಪ್ಪುತ್ತವೆ. ಮಿತಿ ಇಲ್ಲ, ಸಂಬಳ ಇಲ್ಲ, ಸೇವೆಯ ಲೆಕ್ಕ ಇಲ್ಲ. ಮಾಡುವ ಕೆಲಸ ಮಾತ್ರ ಪೂರ್ತಿ.

ಕೋರ್ಟುಗಳು ಈಗೀಗ ಇದನ್ನು ನೋಡುತ್ತಿವೆ. 2025ರ ಆಗಸ್ಟಿನಲ್ಲಿ ಗುಜರಾತಿನ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಅತಿಥಿಗಳಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ, ಆದರೆ ಓದಿಟ್ಟುಕೊಳ್ಳಿ.

ತಳಕಲ್ ಪ್ಯಾಸೆಂಜರ್

ನಾನು ಕೊಪ್ಪಳದವನು. ಒಂದು ಮಾತು ಸೇರಿಸ್ತೀನಿ. ಮೊದಲು ಈ ಕಡೆ ಎಲ್ಲರೂ ಗುಲ್ಬರ್ಗ ವಿವಿ ಅಡಿಯಲ್ಲಿದ್ದೆವು. 2010ರಲ್ಲಿ ಬಳ್ಳಾರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ ಬಂತು. ಆಮೇಲೆ ರಾಯಚೂರಿಗೆ ಬೇರೆ ಬಂತು, ನಮ್ಮ ಕೊಪ್ಪಳಕ್ಕೂ ಬಂತು. ತಳಕಲ್ ಸ್ಟೇಷನ್ ಹತ್ತಿರವೇ ವಿವಿ ಅಂದಾಗ ನಮ್ಮೂರಲ್ಲಿ ಎಷ್ಟು ಖುಷಿ ಪಟ್ಟಿದ್ದರು! 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಮಾತು ಎತ್ತಿತು. ಅದರಲ್ಲಿ ಕೊಪ್ಪಳವೂ ಇತ್ತು. ಅವತ್ತು ಊರಿಗೆ ಊರೇ ಸಪ್ಪಗಾಯಿತು.

ವಿವಿ ಹತ್ತಿರ ಬಂದದ್ದರಿಂದಲೇ ನಮ್ಮ ಹೆಣ್ಣುಮಕ್ಕಳು ಎಂಎ, ಎಂಎಸ್ಸಿ ಓದುತ್ತಿದ್ದಾರೆ. ಕಲಬುರಗಿಗೆ ಕಳಿಸುತ್ತಿದ್ದವರು ಎಷ್ಟು ಮನೆಯವರು? ಮುಚ್ಚುವುದು ಉತ್ತರ ಅಲ್ಲ. ಹುದ್ದೆ ಮಂಜೂರು ಮಾಡಿ ತುಂಬಬೇಕು.

ಸಂವಿಧಾನದ 371ಜೆ ವಿಧಿ, ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ವಿಶೇಷ ಸ್ಥಾನಮಾನದ ಬಗ್ಗೆಯೂ ಯೋಚನೆ ಮಾಡಿ. ನಮ್ಮ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 75 ಸ್ಥಳೀಯರಿಗೆ ಅಂತ ಇದೆ. ಎಷ್ಟು ವರ್ಷ ಹೋರಾಡಿ ಪಡೆದದ್ದು ಅದು. ಆದರೆ ಕಾಯಂ ನೇಮಕಾತಿಯೇ ನಡೆಯದಿದ್ದರೆ ಆ 75 ಯಾವುದರಲ್ಲಿ 75? ಹುದ್ದೆ ಖಾಲಿ ಬಿಟ್ಟು ಅತಿಥಿಗಳಿಂದ ನಡೆಸಿದ ಪ್ರತಿ ವರ್ಷವೂ ನಮ್ಮ ಹುಡುಗರ ಒಂದು ವಯಸ್ಸು ಹೋಗುತ್ತದೆ.

ಸಿರುಗುಪ್ಪ ಹೊಳೆಸಾಲು

ಇದನ್ನು ನಾನು ಯೋಚಿಸಿರಲಿಲ್ಲ. ನಾನೂ ಮೇಷ್ಟ್ರೂ ಒಂದು ಅತಿಥಿ ಕುರ್ಚಿಗೆ ಪೈಪೋಟಿ ಮಾಡ್ತಾ ಇದೀವಿ. ಇಬ್ಬರೂ ಕೂರಬೇಕಾದ ಕುರ್ಚಿ ಬೇರೆ ಇದೆ.

ಕೌಲ್‌ಬಜಾರ್ ಮೇಷ್ಟ್ರು

ಹಾಗಾದರೆ ಈಗ ಏನು ಮಾಡೋಣ? ಧರಣಿ ಕೂತರೆ ಪಾಠ ಇನ್ನೂ ತಡವಾಗುತ್ತದೆ. ಆ ಹುಡುಗಿ ಬರೆದದ್ದು ಓದಿದ ಮೇಲೆ ನನಗೆ ಅದು ಬೇಡ ಅನ್ನಿಸುತ್ತದೆ.

ಹಳೇ ಹಾಜರಿ ಪುಸ್ತಕ

ಮಾಹಿತಿ ಹಕ್ಕಿನಲ್ಲಿ ಕೇಳಿ. ಯಾವ ಮೇಜಿನಲ್ಲಿ ಕಡತ ಎಷ್ಟು ದಿನ ಕೂತಿತ್ತು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಉದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಕೊಡಬೇಕು. ಯಾಕೆ ತಡವಾಯಿತು ಅಂತ ಕೇಳಬೇಡಿ. "ಯಾಕೆ" ಅನ್ನುವುದು ದಾಖಲೆಯಲ್ಲಿ ಇರುವುದಿಲ್ಲ. ದಾಖಲೆಯ ಪ್ರತಿ ಕೇಳಿ.

ಕೌಲ್‌ಬಜಾರ್ ಮೇಷ್ಟ್ರು

ಬರೆದಿದ್ದೇನೆ, ನೋಡಿ ಹೇಳಿ:

"ಅತಿಥಿ ಉಪನ್ಯಾಸಕರ ಆಯ್ಕೆಗೆ ಸಂಬಂಧಿಸಿ ಕಳೆದ ಮೂರು ಶೈಕ್ಷಣಿಕ ವರ್ಷಗಳ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ನೀಡಲು ಕೋರುತ್ತೇನೆ. ವಿಭಾಗವಾರು ಕಾರ್ಯಭಾರ ಪಟ್ಟಿ ಕುಲಸಚಿವರ ಕಚೇರಿಗೆ ಬಂದ ದಿನಾಂಕದ ಸ್ವೀಕೃತಿ. ಅಧಿಸೂಚನೆ ಹೊರಡಿಸಿದ ಕಡತದ ಟಿಪ್ಪಣಿ ಹಾಳೆಗಳು. ಆಯ್ಕೆ ಸಮಿತಿ ಸಭೆಯ ನಡಾವಳಿ. ಅಭ್ಯರ್ಥಿಗಳಿಗೆ ನೀಡಿದ ಅಂಕಗಳ ಪಟ್ಟಿ. ನೇಮಕಾತಿ ಆದೇಶ ಮತ್ತು ಸ್ನಾತಕೋತ್ತರ ತರಗತಿ ಆರಂಭದ ಸುತ್ತೋಲೆ. ಪಟ್ಟಿ ತಡವಾಗಲು ಕಾರಣರಾದ ಅಧಿಕಾರಿ ಯಾರು ಎಂಬ ವಿವರ."

ಹಳೇ ಹಾಜರಿ ಪುಸ್ತಕ

ಕೊನೆಯ ಸಾಲು ತೆಗೆಯಿರಿ. ಅದು ಜಗಳದ ಸಾಲು. ಟಿಪ್ಪಣಿ ಹಾಳೆ ಸಿಕ್ಕರೆ ಅದರಲ್ಲೇ ಸಹಿ, ದಿನಾಂಕ ಎಲ್ಲಾ ಇರುತ್ತದೆ. ಉಳಿದದ್ದು ಸರಿ ಇದೆ.

ಸಿರುಗುಪ್ಪ ಹೊಳೆಸಾಲು

ಸರ್, ಅರ್ಜಿ ನನ್ನ ಹೆಸರಲ್ಲಿ ಹಾಕ್ತೀನಿ. ನೀವು ಒಳಗೆ ಇರುವವರು. ನಿಮ್ಮ ಹೆಸರು ನೋಡಿ ಪಟ್ಟಿಯಿಂದ ಬಿಟ್ಟರೆ ಕಷ್ಟ.

ಕೌಲ್‌ಬಜಾರ್ ಮೇಷ್ಟ್ರು

ಬೇಡ ತಂಗಿ. ನಿನ್ನ ಅರ್ಜಿಯೂ ಅದೇ ಕಚೇರಿಯಲ್ಲಿದೆ. ಇಬ್ಬರೂ ಬೇರೆ ಬೇರೆ ಹಾಕೋಣ. ಅಂಕಗಳ ಪಟ್ಟಿ ನೀನು ಕೇಳು, ಕಡತದ ದಿನಾಂಕ ನಾನು ಕೇಳ್ತೀನಿ. ಒಂದು ಅರ್ಜಿಗೆ ಒಂದೇ ವಿಷಯ ಅನ್ನುವ ನಿಯಮಕ್ಕೂ ಸರಿಹೋಗುತ್ತದೆ. ಕೊನೆ ಸಾಲು ತೆಗೆದಿದ್ದೇನೆ. ಪೋಸ್ಟಲ್ ಆರ್ಡರ್ ಎರಡು ನಾನೇ ತರ್ತೀನಿ, ನಾಳೆ ಹನ್ನೊಂದಕ್ಕೆ ಹೆಡ್ ಪೋಸ್ಟ್ ಆಫೀಸ್ ಹತ್ತಿರ ಸಿಗು.

ಎಂಎ ಎರಡನೇ ವರ್ಷ

ಸರ್, ನಾಳೆ ನಮಗೆ ಒಂದೇ ಪಿರಿಯಡ್. ಹತ್ತೂವರೆಗೆ ಮುಗಿಯುತ್ತದೆ. ನಾನೂ ಬರಬಹುದಾ? ಎಷ್ಟು ಕ್ಲಾಸ್ ನಡೆದಿಲ್ಲ ಅಂತ ಮೊದಲ ದಿನದಿಂದ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದೀನಿ. ತಾರೀಖು ಸಮೇತ ಇದೆ.

ಕೌಲ್‌ಬಜಾರ್ ಮೇಷ್ಟ್ರು

ಬಾ ತಾಯಿ. ಆ ನೋಟ್‌ಬುಕ್ ತಗೊಂಡು ಬಾ.